ಎರಡು ಮನೆಗಳ ನಡುವಿನ ಹಿಮ

ಆಗತಾನೇ ಬಿದ್ದ ಹಿಮದ ಮೇಲೆ ಜಾರಿ ಬಿದ್ದವರನ್ನು ನಾನು ಕಂಡಿದ್ದು ಕಡಿಮೆ. ಮೊಣಕಾಲುದ್ದ ಬಿದ್ದಿದ್ದರೂ ಹೊಸ ಹಿಮದಲ್ಲಿ ಕಾಲು ಹೂತುಕೊಳ್ಳುತ್ತದೆ, ನಡಿಗೆ ನಿಧಾನವಾಗುತ್ತದೆ, ಅಷ್ಟೇ. ಬೀಳಿಸುವುದು ಅದರ ಮುಂದಿನ ಅವಸ್ಥೆ. ಎತ್ತಿ ಹಾಕುವ ಮೊದಲೇ ನಾಲ್ಕು ಜನ ತುಳಿದು ಹೋದರೆ ಹೆಜ್ಜೆಯ ಗುರುತುಗಳು ಒತ್ತಿಕೊಂಡು ಕಲ್ಲಿನಂತಾಗುತ್ತವೆ. ಮತ್ತೆ ಸಲಿಕೆಗೆ ಅವು ಬಗ್ಗುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಮಾಡಿನ ಹಿಮ ಕರಗಿ, ನೀರಿಳಿಯುವ ಕೊಳವೆಯಿಂದ ಕಾಲುದಾರಿಗೆ ಹರಿದು, ಸಂಜೆ ಐದಕ್ಕೆ ಕತ್ತಲಾಗುತ್ತಿದ್ದಂತೆ ಕಣ್ಣಿಗೇ ಬೀಳದ ತೆಳುವಾದ ಮಂಜುಗಡ್ಡೆಯಾಗುತ್ತದೆ. ಎತ್ತಿದ ಹಿಮವನ್ನು ದಾರಿಯ ಎತ್ತರದ ಬದಿಗೆ ರಾಶಿ ಹಾಕಿದರೆ ಅದು ಹಗಲು ಕರಗಿ ದಾರಿಗೇ ಇಳಿದು ರಾತ್ರಿ ಹೆಪ್ಪುಗಟ್ಟುತ್ತದೆ. ಮಿನಿಯಾಪೊಲಿಸ್ ನಗರದ ದಕ್ಷಿಣ ಭಾಗದ ಈ ಬೀದಿಯಲ್ಲಿ ಇಷ್ಟು ಚಳಿಗಾಲ ಕಳೆದ ಮೇಲೆ ನನಗೆ ಅನ್ನಿಸಿರುವುದು ಇದು: ಹಿಮ ಆಕಾಶದಿಂದ ಬರುತ್ತದೆ, ಮನೆ ಮುಂದಿನ ಮಂಜುಗಡ್ಡೆಯಲ್ಲಿ ಬಹುಪಾಲು ಮನುಷ್ಯರ ತಡದಿಂದ ಬರುತ್ತದೆ.

ಮಂಜುಗಡ್ಡೆ ಯಾಕೆ ಜಾರುತ್ತದೆ ಎಂಬುದು ವಿಜ್ಞಾನಿಗಳನ್ನೂ ಬಹಳ ಕಾಲ ಕಾಡಿದ ಪ್ರಶ್ನೆ. ಮೈಕೆಲ್ ಫ್ಯಾರಡೆ 1850ರಲ್ಲೇ, ಎರಡು ಮಂಜುಗಡ್ಡೆಯ ತುಂಡುಗಳನ್ನು ತಾಗಿಸಿದರೆ ಒಂದಕ್ಕೊಂದು ಅಂಟಿಕೊಳ್ಳುವುದನ್ನು ತೋರಿಸಿ, ಅದರ ಮೈಮೇಲೆ ನೀರಿನಂಥ ತೆಳುಪದರ ಇರಬೇಕೆಂದು ಊಹಿಸಿದ್ದರು. ಒಳಗಿನ ಅಣುಗಳು ಎಲ್ಲ ಕಡೆಯಿಂದ ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಮೇಲ್ಮೈಯ ಅಣುಗಳಿಗೆ ಮೇಲಿನಿಂದ ಹಿಡಿಯುವವರಿಲ್ಲ, ಅವು ಸಡಿಲವಾಗಿ ಹೊರಳುತ್ತಿರುತ್ತವೆ. ಚಳಿ ಹೆಚ್ಚಿದಷ್ಟೂ ಆ ಸಡಿಲಿಕೆ ಕಡಿಮೆ. ಹಾಗಾಗಿ ಮೈನಸ್ 25ರ ಬೆಳಗ್ಗೆ ಬೂಟಿನಡಿ ಹಿಮ ಕಿರ್ರೆಂದು ಕೂಗುತ್ತದೆ, ಕಾಲಿಗೆ ಹಿಡಿತ ಸಿಗುತ್ತದೆ. ಸೊನ್ನೆಯ ಆಸುಪಾಸಿನ ಹಿತವಾದ ದಿನವೇ ಅಪಾಯದ ದಿನ. ಚಳಿ ಕಡಿಮೆಯಾಯಿತೆಂದು ಜನ ಟೊಪ್ಪಿಗೆ ತೆಗೆದು ಹೊರಡುವ ಹೊತ್ತಿಗೇ ನೆಲ ಹೆಚ್ಚು ಜಾರುತ್ತಿರುತ್ತದೆ. ಹವಾಮಾನ ವರದಿಯಲ್ಲಿ ನಾನು ಈಗ ಎಷ್ಟು ಹಿಮ ಬೀಳುತ್ತದೆ ಎಂಬುದಕ್ಕಿಂತ, ನಾಳೆ ಹಗಲು ಸೊನ್ನೆ ದಾಟಿ ರಾತ್ರಿ ಮತ್ತೆ ಇಳಿಯುತ್ತದೆಯೇ ಎಂಬುದನ್ನು ಮೊದಲು ನೋಡುತ್ತೇನೆ.

ಈ ಊರಿನಲ್ಲಿ ಒಂದು ಚಳಿಗಾಲಕ್ಕೆ ಸರಾಸರಿ 130 ಸೆಂಟಿಮೀಟರ್ ಹಿಮ ಬೀಳುತ್ತದೆ. 1991ರ ಅಕ್ಟೋಬರ್ ಕೊನೆಯಲ್ಲಿ ಹ್ಯಾಲೊವೀನ್ ದಿನ ಶುರುವಾದ ಒಂದೇ ಬಿರುಗಾಳಿಯಲ್ಲಿ 72 ಸೆಂಟಿಮೀಟರ್ ಬಿದ್ದಿತ್ತು; ಹಳಬರು ಇಂದಿಗೂ ಅದನ್ನು ವರ್ಷ ಗುರುತಿಸುವ ಗೂಟದಂತೆ ಬಳಸುತ್ತಾರೆ, ಮಗಳು ಹುಟ್ಟಿದ್ದು ಹ್ಯಾಲೊವೀನ್ ಹಿಮದ ವರ್ಷ ಎನ್ನುತ್ತಾರೆ. ನಗರದ ನಿಯಮ ಸ್ಪಷ್ಟವಾಗಿದೆ. ಹಿಮ ನಿಂತ 24 ಗಂಟೆಯೊಳಗೆ ಮನೆಯವರು ತಮ್ಮ ಮನೆ ಮುಂದಿನ ಸಾರ್ವಜನಿಕ ಕಾಲುದಾರಿಯನ್ನು ಪೂರ್ತಿ ಅಗಲಕ್ಕೆ, ಕಾಂಕ್ರೀಟು ಕಾಣುವಷ್ಟು ತೆರವು ಮಾಡಬೇಕು. ಅಂಗಡಿ, ಅಪಾರ್ಟ್‌ಮೆಂಟುಗಳಿಗೆ ಹಗಲಿನ 4 ಗಂಟೆ ಮಾತ್ರ. ಮಾಡದಿದ್ದರೆ ನೋಟಿಸು ಬರುತ್ತದೆ, ಆಮೇಲೆ ನಗರದ ಕೆಲಸಗಾರರೇ ಬಂದು ತೆಗೆದು ಖರ್ಚನ್ನು ಮನೆಯವರ ಲೆಕ್ಕಕ್ಕೆ ಬರೆಯುತ್ತಾರೆ. ಬಾಸ್ಟನ್ನಿನಲ್ಲಿ ಅವಧಿ ಮೂರೇ ಗಂಟೆ; ಗಾಲಿಕುರ್ಚಿಯೂ ಮಕ್ಕಳ ತಳ್ಳುಗಾಡಿಯೂ ಹೋಗುವಂತೆ ಕನಿಷ್ಠ 42 ಇಂಚು ಅಗಲ ಬಿಡಬೇಕೆಂದು ಅಲ್ಲಿ ಅಳತೆಯನ್ನೂ ಹೇಳಿದ್ದಾರೆ.

ನಿಯಮ ಹೀಗಿದ್ದರೂ, ಬೆಳಗ್ಗೆ ಆರಕ್ಕೆ ಬೀದಿಯಲ್ಲಿ ಸಲಿಕೆಗಳ ಸದ್ದು ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಗಮನಿಸಬೇಕು. ಮೊದಲು ಕಾರು ಹೊರಗೆ ತೆಗೆಯುವ ಜಾಗ. ಆಮೇಲೆ ಬಾಗಿಲಿನಿಂದ ಕಾರಿನವರೆಗಿನ ದಾರಿ. ಬೀದಿಯುದ್ದಕ್ಕೂ ಸಾಗುವ ಕಾಲುದಾರಿ ಕೊನೆಗೆ, ಹೊತ್ತು ಉಳಿದರೆ, ಇಲ್ಲದಿದ್ದರೆ ಸಂಜೆ ಕೆಲಸದಿಂದ ಬಂದ ಮೇಲೆ. ಇದರಲ್ಲಿ ಕೇಡೇನೂ ಇಲ್ಲ. ಎಂಟಕ್ಕೆ ಆಫೀಸು ಇರುವವರು ಮತ್ತೇನು ಮಾಡಿಯಾರು. ಆದರೆ ಸಂಜೆಯ ಹೊತ್ತಿಗೆ ಅಂಚೆಯವರು ಬಂದು ಹೋಗಿರುತ್ತಾರೆ, ಶಾಲೆಯ ಮಕ್ಕಳು ಎರಡು ಸಲ ತುಳಿದಿರುತ್ತಾರೆ, ಬಸ್ಸಿಗೆ ಹೋಗುವವರು ಹೋಗಿರುತ್ತಾರೆ. ಬೆಳಗ್ಗೆ ಹತ್ತು ನಿಮಿಷದಲ್ಲಿ ಹತ್ತಿಯಂತೆ ಎದ್ದು ಬರುತ್ತಿದ್ದ ಹಿಮ ಆಗ ಕಬ್ಬಿಣದ ಹಾರೆಯಿಂದ ಒಡೆಯಬೇಕಾದ ಪದರವಾಗಿರುತ್ತದೆ. ಕಾರಿನವರ ಅನುಕೂಲ ಮುಂದೆ, ನಡೆಯುವವರದು ಹಿಂದೆ ಎಂದು ಯಾರೂ ತೀರ್ಮಾನಿಸಿರುವುದಿಲ್ಲ. ಕೆಲಸದ ಕ್ರಮವೇ ಅದನ್ನು ತೀರ್ಮಾನಿಸಿಬಿಟ್ಟಿರುತ್ತದೆ.

ನಮ್ಮ ಅತ್ತೆ ಬಾಣಂತನಕ್ಕೆಂದು ತೀರ್ಥಹಳ್ಳಿಯಿಂದ ಬಂದು ಒಂದು ಚಳಿಗಾಲ ಪೂರ್ತಿ ಇಲ್ಲೇ ಇದ್ದರು. ಇಲ್ಲಿರುವ ಕನ್ನಡದವರು ಸಾಮಾನ್ಯವಾಗಿ ತಂದೆತಾಯಿಯರನ್ನು ಮೇ ತಿಂಗಳ ನಂತರವೇ ಕರೆಸಿಕೊಳ್ಳುತ್ತಾರೆ. ಮಗು ಹುಟ್ಟುವುದು ಹವಾಮಾನ ನೋಡಿಕೊಂಡಲ್ಲವಲ್ಲ. ಊರಿನಲ್ಲಿ ದಿನಾ ಬೆಳಗ್ಗೆ ಹೂ ಕೊಯ್ಯಲು ಒಂದು ಸುತ್ತು, ಸಂಜೆ ದೇವಸ್ಥಾನಕ್ಕೆ ಒಂದು ಸುತ್ತು ನಡೆದ ಹೆಂಗಸು ಅವರು. ಇಲ್ಲಿ ಚಳಿಗೆ ಅವರು ಹೆದರಲಿಲ್ಲ, ಸ್ವೆಟರಿನ ಮೇಲೆ ಕೋಟು ಹಾಕಿಕೊಂಡು ಹೊರಡಲು ಸಿದ್ಧರಿದ್ದರು. ಹೆದರಿದ್ದು ನಾವು. ನಮ್ಮ ಮನೆ, ಪಕ್ಕದ ಮನೆ, ಅದರಾಚೆಯ ಮನೆ ದಾಟುತ್ತಲೇ ಒಂದು ಬಾಡಿಗೆ ಮನೆಯ ಮುಂದೆ ಗಟ್ಟಿಯಾದ ಮಂಜುಗಡ್ಡೆ. ಎಪ್ಪತ್ತು ದಾಟಿದವರ ಸೊಂಟದ ಮೂಳೆ ಮುರಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ತಿಂಗಳುಗಟ್ಟಲೆ ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಹಿಮ ದೂಡುವ ನಗರದ ದೊಡ್ಡ ಪ್ಲೌ ಲಾರಿ ಹಳದಿ ದೀಪ ತಿರುಗಿಸುತ್ತ ಬಂದು ರಸ್ತೆಯನ್ನು ಒಂದೇ ಸಲಕ್ಕೆ ಬಳಿದುಕೊಂಡು ಹೋದದ್ದನ್ನು ನೋಡಿ ಒಂದು ದಿನ ಕೇಳಿದರು: ‘ಕಾರು ಹೋಗೋ ದಾರಿನ ಸರ್ಕಾರದೋರು ಇಷ್ಟು ಚಂದ ಮಾಡ್ತಾರಲ್ಲೆ, ಮನುಷ್ಯರು ನಡಿಯೋ ದಾರಿ ಯಾಕೆ ಮಾಡಲ್ಲ?’

ನನ್ನಲ್ಲಿ ಉತ್ತರವಿರಲಿಲ್ಲ. ರಸ್ತೆ ಎಲ್ಲರದು, ಅದಕ್ಕೆ ತೆರಿಗೆಯ ಹಣ; ಕಾಲುದಾರಿಯೂ ಎಲ್ಲರದೇ, ಆದರೆ ಅದಕ್ಕೆ ಮನೆಯವರ ಬೆನ್ನು. ಅದೇ ನಗರದ ಪೇಟೆ ಭಾಗದಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಎರಡನೆಯ ಮಹಡಿಯಲ್ಲಿ ಗಾಜಿನ ಸೇತುವೆಗಳಿವೆ. ಮೈಲಿಗಟ್ಟಲೆ ಕೋಟಿಲ್ಲದೆ, ಬೂಟಿಲ್ಲದೆ ನಡೆಯಬಹುದು. ಅಂದರೆ ನಡೆಯುವವರಿಗಾಗಿ ಚಳಿಗಾಲವನ್ನೇ ಹೊರಗಿಡುವ ಶಕ್ತಿ ಊರಿಗೆ ಇದೆ. ಜನ ವಾಸವಾಗಿರುವ ಬೀದಿಗೆ ಬಂದರೆ ಆ ಶಕ್ತಿ ಮನೆ ಮನೆಯ ಸಲಿಕೆಗಳಾಗಿ ಒಡೆದುಹೋಗುತ್ತದೆ.

ಒಡೆದು ಹೋಗುವುದೇ ಇಲ್ಲಿನ ಮುಖ್ಯ ತೊಡಕು. ನಮ್ಮ ಬೀದಿಯ ಒಂದು ಬದಿಯಲ್ಲಿ ಹನ್ನೆರಡು ಮನೆಗಳಿವೆ ಎಂದುಕೊಳ್ಳಿ. ಹನ್ನೊಂದು ಮನೆಯವರು ಕಾಂಕ್ರೀಟು ಹೊಳೆಯುವಂತೆ ತೆಗೆದು ಒಬ್ಬರು ಬಿಟ್ಟರೆ, ಗಟ್ಟಿ ಕಾಲಿನವರಿಗೆ ಅದು ಹನ್ನೆರಡರಲ್ಲಿ ಹನ್ನೊಂದು ಪಾಲು ಒಳ್ಳೆಯ ದಾರಿ. ಗಾಲಿಕುರ್ಚಿಯವರಿಗೆ ಅದು ದಾರಿಯೇ ಅಲ್ಲ. ಬೀದಿಯ ಆ ತುದಿಯಲ್ಲಿ ಗಾಲಿಕುರ್ಚಿಯಲ್ಲಿ ಓಡಾಡುವ ಹಿರಿಯರೊಬ್ಬರಿದ್ದಾರೆ. ಡಿಸೆಂಬರಿನಿಂದ ಮಾರ್ಚಿನವರೆಗೆ ಅವರು ರಸ್ತೆಯ ಮಧ್ಯದಲ್ಲೇ, ಕಾರುಗಳ ನಡುವೆ, ಹಿಂದಕ್ಕೊಂದು ಕೆಂಪು ದೀಪ ಕಟ್ಟಿಕೊಂಡು ಅಂಗಡಿಗೆ ಹೋಗುತ್ತಾರೆ. ತಮ್ಮ ಪಾಲಿನದನ್ನು ಅಚ್ಚುಕಟ್ಟಾಗಿ ಮಾಡಿದ ಹನ್ನೊಂದು ಮನೆಗಳಿಂದ ಅವರಿಗೆ ಸಿಕ್ಕಿದ್ದು ಏನೂ ಇಲ್ಲ. ಈ ಲೆಕ್ಕ ಹೊಳೆದ ಮೇಲೆ ನನ್ನ ಮನೆ ಮುಂದಿನ ಹನ್ನೆರಡು ಮೀಟರನ್ನು ನೋಡುವ ಕಣ್ಣೇ ಬದಲಾಯಿತು. ಅದು ಎಷ್ಟು ಶುಭ್ರವಾಗಿದೆ ಎಂಬುದಕ್ಕಿಂತ, ಅದರ ಎರಡು ತುದಿಗಳು ಯಾವುದಕ್ಕೆ ತಾಗಿವೆ ಎಂಬುದು ದೊಡ್ಡದು.

ತುದಿಗಳಲ್ಲೆಲ್ಲ ಕಷ್ಟದ್ದು ಬೀದಿಯ ಮೂಲೆ. ಕಾಲುದಾರಿ ಇಳಿಜಾರಾಗಿ ರಸ್ತೆಗೆ ಸೇರುವ ಆ ಜಾಗಕ್ಕೆ ಪ್ಲೌ ಲಾರಿ ರಸ್ತೆಯ ಹಿಮವನ್ನೆಲ್ಲ ದೂಡಿ ದಿಬ್ಬ ಕಟ್ಟುತ್ತದೆ. ಲಾರಿಯ ತಪ್ಪಲ್ಲ, ಅದರ ಅಲಗು ಇರುವುದೇ ಬದಿಗೆ ದೂಡಲು. ಹೊಸ ಹಿಮ ಹಗುರ, ಘನ ಮೀಟರಿಗೆ 50ರಿಂದ 100 ಕಿಲೊ ಇರಬಹುದು. ಲಾರಿ ದೂಡಿದ್ದು ಮರಳು, ಉಪ್ಪು, ಕೆಸರು ಬೆರೆತು ಅದರ ಎಷ್ಟೋ ಪಟ್ಟು ತೂಕದ್ದು, ಮರುದಿನಕ್ಕೆ ಸಿಮೆಂಟಿನಷ್ಟು ಗಟ್ಟಿ. ಮೂಲೆ ಮನೆಯವರೇ ಇಳಿಜಾರನ್ನೂ ದಾಟುವ ಜಾಗವನ್ನೂ ಬಿಡಿಸಬೇಕೆಂದು ನಿಯಮ. ನಮ್ಮ ಮೂಲೆ ಮನೆಯಲ್ಲಿರುವುದು ಒಬ್ಬಂಟಿ ವಯಸ್ಸಾದ ಹೆಂಗಸು. ಎರಡು ಬೀದಿಯ ಕಾಲುದಾರಿ, ಒಂದು ಮೂಲೆ, ಅದರ ಮೇಲೆ ಲಾರಿಯ ದಿಬ್ಬ: ಮೂಲೆಯಲ್ಲಿ ಮನೆ ಕೊಂಡ ಕಾರಣಕ್ಕೆ ಬೀದಿಯಲ್ಲೇ ಅತಿ ಹೆಚ್ಚು ಕೆಲಸ ಅವರ ಹೆಗಲಿಗೆ.

ಆ ಕೆಲಸದ ಭಾರ ಎಷ್ಟೆಂದು ಊರಿನಲ್ಲಿರುವವರಿಗೆ ಅಂದಾಜು ಸಿಗಲಿಕ್ಕಿಲ್ಲ. ನಮ್ಮ ಮನೆ ಮುಂದಿನ ಕಾಲುದಾರಿ 12 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ. ಅದರ ಮೇಲೆ 15 ಸೆಂಟಿಮೀಟರ್ ಒದ್ದೆ ಹಿಮ ಬಿದ್ದರೆ ಅರ್ಧ ಟನ್ನಿಗೂ ಹೆಚ್ಚು. ಅದಷ್ಟನ್ನೂ ಸಲಿಕೆ ಸಲಿಕೆಯಾಗಿ ಎತ್ತಿ ಪಕ್ಕಕ್ಕೆ ಹಾಕಬೇಕು. ಚಳಿಗೆ ರಕ್ತನಾಳಗಳು ಕುಗ್ಗಿರುತ್ತವೆ, ಭಾರ ಎತ್ತುವಾಗ ಮನುಷ್ಯ ತಿಳಿಯದೆ ಉಸಿರು ಬಿಗಿಹಿಡಿಯುತ್ತಾನೆ, ಕಾಲಿಗಿಂತ ಬೇಗ ದಣಿಯುವ ತೋಳುಗಳೇ ಎಲ್ಲ ಮಾಡಬೇಕು. ಹೃದಯಕ್ಕೆ ಇದಕ್ಕಿಂತ ಕೆಟ್ಟ ಕೂಟ ಇನ್ನೊಂದಿಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದ 1981ರಿಂದ 2014ರವರೆಗಿನ ದಾಖಲೆಗಳನ್ನು ನೋಡಿದ ಸಂಶೋಧಕರು, 20 ಸೆಂಟಿಮೀಟರ್ ಹಿಮ ಬಿದ್ದ ಮರುದಿನ ಗಂಡಸರು ಹೃದಯಾಘಾತದಿಂದ ಸಾಯುವ ಸಂಭವ ಹಿಮ ಬೀಳದ ದಿನಕ್ಕಿಂತ 34% ಹೆಚ್ಚು ಎಂದು 2017ರಲ್ಲಿ ಬರೆದರು. ಅಮೆರಿಕದಲ್ಲಿ 1990ರಿಂದ 2006ರವರೆಗೆ ಹಿಮ ಎತ್ತಲು ಹೋಗಿ ಪೆಟ್ಟು ಮಾಡಿಕೊಂಡು ತುರ್ತು ಚಿಕಿತ್ಸೆಗೆ ಬಂದವರು ವರ್ಷಕ್ಕೆ ಸರಾಸರಿ 11,500. ದಾರಿಹೋಕರು ಬೀಳದಿರಲೆಂದು ಮಾಡಿದ ನಿಯಮ ಮನೆಯ ಯಜಮಾನನನ್ನು ಬೀಳಿಸುತ್ತಿದ್ದರೆ ಆ ಭಾರವನ್ನು ಹಂಚಿದ ರೀತಿಯಲ್ಲೇ ಏನೋ ತಪ್ಪಿದೆ. ಊರಿಂದ ಹೊಸದಾಗಿ ಬಂದ ಹುಡುಗರಿಗೆ ನಾನು ಒತ್ತಿ ಹೇಳುವುದು ಇಷ್ಟು: ಎತ್ತಬೇಡಿ, ದೂಡಿ, ಬೀಳುತ್ತಿರುವಾಗಲೇ ಮಧ್ಯೆ ಮಧ್ಯೆ ಹೋಗಿ ತೆಳುವಾಗಿ ತೆಗೆಯಿರಿ, ಎದೆ ಹಿಡಿದಂತಾದರೆ ಸಲಿಕೆಯನ್ನು ಅಲ್ಲೇ ಬಿಟ್ಟು ಒಳಗೆ ಬನ್ನಿ, ದಂಡ ಬಿದ್ದರೆ ಬೀಳಲಿ.

ಸಲಿಕೆಗೆ ಸೋತವರು ಉಪ್ಪಿಗೆ ಕೈಹಾಕುತ್ತಾರೆ. ಇಲ್ಲಿ ನನ್ನ ಮನಸ್ಸು ಇನ್ನಷ್ಟು ತೊಡಕಿಗೆ ಬೀಳುತ್ತದೆ. ಅಂಗಡಿಯಲ್ಲಿ ಇಪ್ಪತ್ತು ಕಿಲೊ ಚೀಲ ಅಗ್ಗಕ್ಕೆ ಸಿಗುತ್ತದೆ. ಮನೆ ಮುಂದೆ ಬಿಳಿ ಹರಳುಗಳು ಕಂಡರೆ ಈ ಮನೆಯವರು ಜವಾಬ್ದಾರಿಯುಳ್ಳವರು ಎಂಬ ಭಾವನೆ ಬರುತ್ತದೆ. ಸಾಧಾರಣ ಉಪ್ಪು ಮೈನಸ್ 9 ಡಿಗ್ರಿಗಿಂತ ಕೆಳಗೆ ಹೆಚ್ಚು ಕೆಲಸ ಮಾಡುವುದಿಲ್ಲ. ಇಲ್ಲಿ ಜನವರಿಯ ರಾತ್ರಿಗಳ ಸರಾಸರಿಯೇ ಮೈನಸ್ 13. ಅಂದರೆ ಸಂಕ್ರಾಂತಿಯ ಸುಮಾರಿಗೆ ರಾತ್ರಿ ಚೆಲ್ಲಿದ ಉಪ್ಪು ಮಂಜುಗಡ್ಡೆಯ ಮೇಲೆ ಬರಿದೇ ಕೂತಿರುತ್ತದೆ. ಕೆಲಸ ಮಾಡುವ ದಿನಗಳಲ್ಲೂ ಬೇಕಾದದ್ದು ಕಡಿಮೆ: ಒಂದು ದೊಡ್ಡ ಕಾಫಿ ಲೋಟದಷ್ಟು ಉಪ್ಪು ಕಾಲುದಾರಿಯ ಹತ್ತು ಚೌಕಗಳಿಗೆ ಸಾಕು ಎನ್ನುತ್ತದೆ ಮಿನ್ನೆಸೋಟ ರಾಜ್ಯದ ಮಾಲಿನ್ಯ ನಿಯಂತ್ರಣ ಸಂಸ್ಥೆ. ಒಂದು ಟೀ ಚಮಚ ಉಪ್ಪು 19 ಲೀಟರ್ ಸಿಹಿನೀರನ್ನು ಕೆಡಿಸುತ್ತದೆ ಎಂದೂ ಅದೇ ಸಂಸ್ಥೆ ಹೇಳುತ್ತದೆ. ಉಪ್ಪಿನ ಕ್ಲೋರೈಡ್ ಒಮ್ಮೆ ನೀರು ಸೇರಿದರೆ ಮತ್ತೆ ತಾನಾಗಿ ಹೋಗುವುದಿಲ್ಲ. ಮಿನಿಯಾಪೊಲಿಸ್ ಮತ್ತು ಅದರ ಜೋಡಿ ನಗರದ ಸುತ್ತ ಚೆಲ್ಲಿದ ಉಪ್ಪಿನಲ್ಲಿ ಸುಮಾರು 70% ಇಲ್ಲಿನ ಕೆರೆ, ತೊರೆ, ಅಂತರ್ಜಲದಲ್ಲೇ ಉಳಿದುಬಿಡುತ್ತದೆಂದು ಮಿನ್ನೆಸೋಟ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದ್ದಾರೆ. ಬೇಸಿಗೆಯಲ್ಲಿ ಮಕ್ಕಳು ಕಾಲಾಡಿಸುವ ಮಿನ್ನೆಹಾಹಾ ತೊರೆ ಕ್ಲೋರೈಡಿನಿಂದ ಕೆಟ್ಟ ನೀರಿನ ಪಟ್ಟಿಯಲ್ಲಿದೆ. ಉಪ್ಪುನೀರು ಭಾರವಾದ್ದರಿಂದ ಕೆರೆಯ ತಳಕ್ಕಿಳಿದು ಕೂರುತ್ತದೆ. ವಸಂತದಲ್ಲಿ ಮೇಲಿನ ನೀರು ಕೆಳಗಿಳಿದು ಉಸಿರಾಡುವುದಕ್ಕೂ ಅದು ಅಡ್ಡಿ.

ಮನೆ ಮುಂದೆ ಹಾದುಹೋಗುವ ಯಾರೋ ಬೀಳದಿರಲಿ ಎಂಬ ಕಾಳಜಿ, ಚರಂಡಿಯಲ್ಲಿ ಇಳಿದು ಹೋಗಿ, ಮೀನಿನ ಮೇಲೆ ಬೀಳುತ್ತದೆ. ನಾನು ಈಗ ಹೆಚ್ಚಾಗಿ ನೆಚ್ಚಿಕೊಂಡಿರುವುದು ಮರಳನ್ನು. ಅದು ಕರಗಿಸುವುದಿಲ್ಲ, ಕಾಲಿಗೆ ಹಿಡಿತ ಕೊಡುತ್ತದೆ, ಎಷ್ಟೇ ಚಳಿಯಿರಲಿ ಕೆಲಸ ಮಾಡುತ್ತದೆ. ಬಕೆಟ್ಟು ಹಿಡಿದುಕೊಂಡು ಹೋದರೆ ನಗರದವರು ಪುಕ್ಕಟೆ ಕೊಡುತ್ತಾರೆ. ಮಾರ್ಚಿ ಮುಗಿದ ಮೇಲೆ ಗುಡಿಸಿ ತುಂಬಿಟ್ಟುಕೊಂಡರೆ ಮುಂದಿನ ವರ್ಷಕ್ಕೂ ಬಂತು. ಗುಡಿಸದೆ ಬಿಟ್ಟರೆ ಅದೂ ಚರಂಡಿ ಸೇರಿ ತೊರೆಯ ತಳವನ್ನು ಮುಚ್ಚುತ್ತದೆ, ಹಾಗಾಗಿ ಮರಳಿನ ಕೆಲಸ ಹಿಮ ಕರಗಿದ ಮೇಲೂ ಬಾಕಿ ಇರುತ್ತದೆ. ಬೇಗ ಸಲಿಕೆ ಹಿಡಿದರೆ ಮರಳೂ ಬೇಕಾಗುವುದಿಲ್ಲ ಎಂಬುದು ಬೇರೆ ಮಾತು; ಉಪ್ಪಿನ ಚೀಲ ನಿಜಕ್ಕೂ ಮಾರುವುದು ತಡಮಾಡುವ ಅನುಕೂಲವನ್ನು.

ಅತ್ತೆಯ ಪ್ರಶ್ನೆಗೆ ಉತ್ತರ ಹುಡುಕುತ್ತ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಮಲೆನಾಡಿನ ಕಾಲುಸಂಕಗಳಿಗೆ. ಮಳೆ ಹಿಡಿಯುವ ಮೊದಲು ಹಳ್ಳದ ಎರಡೂ ದಡದ ಮನೆಗಳವರು ಸೇರಿ ಅಡಿಕೆ ಮರ, ಕಾಡುಮರದ ದಿಮ್ಮಿ ತಂದು ಹಳ್ಳಕ್ಕೆ ಅಡ್ಡ ಹಾಕಿ, ಹಿಡಿದುಕೊಳ್ಳಲು ಬಿದಿರು ಕಟ್ಟುತ್ತಾರೆ. ತೋಟ ಅವರವರದು, ಅಂಗಳ ಅವರವರದು, ಹಳ್ಳ ಯಾರದೂ ಅಲ್ಲ. ಅದಕ್ಕೇ ಎಲ್ಲರೂ ಅಲ್ಲಿಗೆ ಬರುತ್ತಾರೆ. ತನ್ನ ಗಡಿಯೊಳಗಿನದನ್ನು ಮಾತ್ರ ನೋಡಿಕೊಳ್ಳುವ ಲೆಕ್ಕದಲ್ಲಿ ಸಂಕ ಎಂದೂ ಆಗುತ್ತಿರಲಿಲ್ಲ. ಇಲ್ಲಿಯ ನಿಯಮ ದಾರಿಯನ್ನು ಮನೆ ಮನೆಗೆ ಅಳೆದು ಹಂಚಿತು. ಅಳತೆಗೆ ಸಿಗದ ಮೂಲೆಯ ದಿಬ್ಬ ಹಾಗೇ ಉಳಿಯಿತು.

ಆದರೆ ಕಾಲುಸಂಕವನ್ನು ನೆನೆದು ಊರಿನ ಹಳೆಯ ಒಗ್ಗಟ್ಟನ್ನು ಹೊಗಳಿ ಸುಮ್ಮನಾಗಲು ನನಗೆ ಮನಸ್ಸಿಲ್ಲ. ಜಾರುವ ದಿಮ್ಮಿಯಿಂದ ತುಂಬಿದ ಹಳ್ಳಕ್ಕೆ ಬಿದ್ದು ಶಾಲೆಯ ಮಕ್ಕಳು ಸತ್ತ ಸುದ್ದಿ ಮಲೆನಾಡು, ಕರಾವಳಿಯಿಂದ ಬಂದಿದೆ. ಊರವರು ಕೈಯಲ್ಲಾದಷ್ಟು ಮಾಡುತ್ತಾರೆಂಬುದೇ ಸರ್ಕಾರ ಎಷ್ಟೋ ವರ್ಷ ಕಾಂಕ್ರೀಟಿನ ಸೇತುವೆ ಕಟ್ಟದಿರಲು ನೆಪವಾಯಿತು. ಜನರ ಒಳ್ಳೆಯತನದ ಮೇಲೆ ನಿಂತ ದಾರಿ, ಆ ಜನ ಮುದುಕರಾದಾಗ, ಊರು ಬಿಟ್ಟಾಗ, ಒಂದು ವಾರ ಜ್ವರ ಬಂದು ಮಲಗಿದಾಗ ಕುಸಿಯುತ್ತದೆ. ನಮ್ಮ ಬೀದಿಯ ಬಾಡಿಗೆ ಮನೆಯ ಮುಂದಿನ ಮಂಜುಗಡ್ಡೆಗೂ ಒಂದು ಕಾರಣವಿತ್ತು: ಅಲ್ಲಿದ್ದ ತಾಯಿ ರಾತ್ರಿ ಪಾಳಿಯ ಕೆಲಸದವಳು, ಮನೆಯ ಒಡೆಯ ಬೇರೆ ರಾಜ್ಯದಲ್ಲಿ. ನೋಟಿಸು ಒಡೆಯನಿಗೆ ಹೋಗುತ್ತಿತ್ತು, ಬೈಗುಳ ಅವಳಿಗೆ ಬರುತ್ತಿತ್ತು.

ಬೇರೆ ದಾರಿ ಹಿಡಿದ ಊರುಗಳಿವೆ. ಮಾಂಟ್ರಿಯಲ್ಲಿನಲ್ಲಿ ಕಾಲುದಾರಿಯ ಅಗಲಕ್ಕೆ ಹೊಂದುವ ಪುಟ್ಟ ಪ್ಲೌ ಯಂತ್ರಗಳು ನಗರದ ವತಿಯಿಂದಲೇ ಓಡಾಡುತ್ತವೆ. ಟೊರಾಂಟೊ ನಗರ ಮೊದಲು ಕೆಲವು ಬಡಾವಣೆಗಳನ್ನು ಬಿಟ್ಟು ಉಳಿದೆಡೆ ತೆಗೆಯುತ್ತಿತ್ತು. 2021ರಲ್ಲಿ ಎಲ್ಲ ಕಾಲುದಾರಿಗಳಿಗೂ ವಿಸ್ತರಿಸಲು ತೀರ್ಮಾನಿಸಿತು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿ ಒಂದು ಮಟ್ಟ ಮೀರಿ ಹಿಮ ಬಿದ್ದರೆ ನಗರದ ಯಂತ್ರ ಬರುತ್ತದೆ. ಅಷ್ಟರೊಳಗಿನದು ಮನೆಯವರ ಪಾಲು. ಈ ಕೊನೆಯ ಹಂಚಿಕೆ ನನಗೆ ಹಿಡಿಸುತ್ತದೆ. ಮನುಷ್ಯನ ತೋಳಿಗೆ ಒಗ್ಗುವುದು ಮನುಷ್ಯನಿಗೆ, ಮೀರಿದ್ದು ಊರಿಗೆ. ಯಂತ್ರ ಬಂದರೂ ಮೆಟ್ಟಿಲು, ಬಾಗಿಲ ಮುಂದಿನ ದಾರಿ, ಕೊಳವೆಯ ನೀರು ಹೆಪ್ಪುಗಟ್ಟುವ ಜಾಗ ಮನೆಯವರ ಕಣ್ಣಿಗೇ ಬಿಟ್ಟದ್ದು. ಯಂತ್ರಕ್ಕೆ ಅಂಚೆಯವರ ಮುಖ ಗೊತ್ತಿರುವುದಿಲ್ಲ. ಕಾಲುದಾರಿಗೆ ತೆರಿಗೆ ಹೆಚ್ಚುತ್ತದೆಂದು ಗೊಣಗುವ ನೆರೆಯವರಿಗೆ ನಾನು ಹೇಳುವುದು, ಈಗಲೂ ಅದರ ಬೆಲೆಯನ್ನು ಯಾರೋ ತೆರುತ್ತಲೇ ಇದ್ದಾರೆ, ಸೊಂಟದ ಮೂಳೆಯಲ್ಲಿ, ಎದೆನೋವಿನಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ.

ನಗರ ಅದನ್ನು ಮಾಡುವವರೆಗೆ ಮೂಲೆಯ ದಿಬ್ಬ ಕಾಯುವುದಿಲ್ಲ. ಈಗ ನಮ್ಮ ಬೀದಿಯಲ್ಲಿ ನಾಲ್ಕು ಮನೆಗಳವರು ಸೇರಿ ಮೂಲೆಯನ್ನು ಸರದಿಯ ಮೇಲೆ ಬಿಡಿಸುತ್ತೇವೆ. ಪ್ಲೌ ಲಾರಿ ಹೋದ ಗಂಟೆಯೊಳಗೆ ಹೋದರೆ ಇಬ್ಬರಿಗೆ ಕಾಲು ಗಂಟೆಯ ಕೆಲಸ; ರಾತ್ರಿ ಕಳೆದರೆ ಹಾರೆಯಿಂದಲೂ ಅರ್ಧ ದಿನ. ಅಗ್ನಿಶಾಮಕದವರ ನೀರಿನ ಕೊಳಾಯಿಯ ಸುತ್ತ ತೆಗೆಯುವುದೂ ಅದೇ ಸರದಿಗೆ ಸೇರಿದೆ. ದೀಪದ ಕಂಬದ ಬುಡದಲ್ಲಿ ಮುಚ್ಚಳವಿರುವ ಮರಳಿನ ಡಬ್ಬಿ ಇಟ್ಟಿದ್ದೇವೆ, ಅದರೊಳಗೊಂದು ಚಿಪ್ಪು. ಯಾರು ಬೇಕಾದರೂ ತೆಗೆದು ಚೆಲ್ಲಬಹುದು. ಬಾಡಿಗೆ ಮನೆಯ ಮುಂದಿನದನ್ನು ಪಕ್ಕದ ಎರಡು ಮನೆಯವರು ತಮ್ಮದರ ಜೊತೆಗೇ ತೆಗೆಯುತ್ತಾರೆ, ಯಾಕೆಂದು ಯಾರಿಗೂ ವಿವರಿಸುವ ಅಗತ್ಯ ಬೀಳಲಿಲ್ಲ. ಆ ತಾಯಿ ಕಳೆದ ಬೇಸಿಗೆಯಲ್ಲಿ ಮನೆ ಬಿಟ್ಟು ಹೋದಳು. ಈಗ ಹೊಸಬರು ಬಂದಿದ್ದಾರೆ. ಸಾಮಾನು ಇಳಿಸುವಾಗ ನೋಡಿದರೆ ಸಲಿಕೆ ಇರಲಿಲ್ಲ. ಅಕ್ಟೋಬರಿನೊಳಗೆ ಹೋಗಿ ಮಾತಾಡಿಸಬೇಕು, ನಮ್ಮ ಎರಡನೆಯ ಸಲಿಕೆ ಶೆಡ್ಡಿನಲ್ಲೇ ಇದೆ ಎಂದು ಹೇಳಬೇಕು.